ತೋಳಿನೊಳಗಿನ ಬೆಲೆ

ಜಾವ್‌ಖಾನಿನಲ್ಲಿ ಆ ಬೆಳಿಗ್ಗೆ ಮೈನಸ್ ಮೂವತ್ತೆಂಟು.
ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ
ಚರ್ಮ ಅಲ್ಲೇ ಉಳಿಯುವ ಚಳಿ.
ಲ್ಯಾಪ್‌ಟಾಪನ್ನು ಎಳೆಯ ಕುರಿಮರಿಯಂತೆ
ನಿಲುವಂಗಿಯೊಳಗೆ ಎದೆಗವಚಿಕೊಂಡು ಬಂದೆ.

ಏಳು ಗುಡಾರ, ಏಳು ಪೆಟ್ಟಿಗೆ,
ಏಳರಲ್ಲೂ ಒಂದೇ ಲೆಕ್ಕದ ಪುಸ್ತಕ.
ಒಬ್ಬರು ತಮ್ಮದರಲ್ಲಿ ಗೆರೆ ತಿದ್ದಿದರೆ
ಉಳಿದ ಆರೂ ಕೆಮ್ಮುತ್ತವೆ.
ಹೀಗೆಂದು ವಿವರಿಸಿದೆ. ಯಾಂಜ್ಮಾ ಅಜ್ಜಿ
ಒಲೆಗೆ ಒಣಸಗಣಿ ತುಂಬುತ್ತ ಕೇಳಿದಳು:
"ಮಾರುವುದೇನು? ಮೇಕೆಯೋ, ಉಣ್ಣೆಯೋ?"
ಎರಡೂ ಅಲ್ಲ ಅಜ್ಜಿ. ಮೇಕೆ ಎಲ್ಲಿ ನಿಂತಿತು,
ಎಷ್ಟು ಹೊತ್ತು ಗೊರಸಿನಿಂದ ಹಿಮ ಕೆರೆಯಿತು,
ಹುಲ್ಲು ಸಿಗದೆ ಎಷ್ಟು ಹೆಜ್ಜೆ ಮುಂದೆ ಹೋಯಿತು,
ಅದು. ಕೊರಳಪಟ್ಟಿ ಬರೆದುಕೊಳ್ಳುವುದು.
"ಹೆಜ್ಜೆಗೂ ಗಿರಾಕಿಯೇ!" ಎಂದು ನಕ್ಕಾಗ
ಬಟ್ಟಲಲ್ಲಿ ಉಪ್ಪುಚಹಾ ತುಳುಕಿತು.

ಇದ್ದಾರೆ. ವಿಮೆಯವರು, ಶಾಲು ನೇಯಿಸುವವರು,
ಬರುವ ಚಳಿಯನ್ನು ಮೊದಲೇ ಅಳೆಯಬೇಕೆನ್ನುವವರು.
ಮೂರು ವರ್ಷ ಪುಕ್ಕಟೆ ಒಯ್ದರು,
ಪಟ್ಟಿ ನಾವೇ ಕೊಟ್ಟೆವಲ್ಲ, ಎಂದರು.

ಎಲ್ಲರಿಗೂ ಕಾಣುವ ಪುಸ್ತಕದಲ್ಲಿ
ಬೆಲೆಯನ್ನು ಬಚ್ಚಿಡುವುದೆಂತು?
ನಾನು ಗಣಿತ ಹುಡುಕುತ್ತಿದ್ದೆ. ಅಜ್ಜಿ ತೋಳು ನೀಡಿದಳು:
ಬೆರಳು ದಾಟಿ ಕೆಳಗಿಳಿಯುವ ನಿಲುವಂಗಿಯ ತೋಳು.
ಅದರೊಳಗೆ ನನ್ನ ಕೈ ಎಳೆದುಕೊಂಡು
ಎರಡು ಬೆರಳು ಹಿಡಿದಳು, ಆಮೇಲೆ ಅಂಗೈಗೆ ಗೀರಿದಳು.
"ನಮ್ಮಪ್ಪ ಕುದುರೆ ಮಾರಿದ್ದು ಹೀಗೆ.
ಸುತ್ತ ಇಪ್ಪತ್ತು ಜನ ನಿಂತಿದ್ದರು.
ವ್ಯಾಪಾರ ಕುದುರಿದ್ದು ಎಲ್ಲರಿಗೂ ಗೊತ್ತು,
ಎಷ್ಟಕ್ಕೆ ಎಂಬುದು ಇಬ್ಬರಿಗೆ."

ಅಷ್ಟೇ. ಆರು ತಿಂಗಳು ನಾನು ಬರೆದ ಕೋಡು
ಆ ತೋಳಿನೊಳಗೆ ಹಿಡಿಸಿತು, ಇನ್ನೂ ಜಾಗವಿತ್ತು.

ಬೀಗ ಹಾಕಿದ ಹೆಜ್ಜೆಗಳು ಆಗಲೇ ಅವರ ಬಳಿ,
ಗಂಟು ಕಟ್ಟಿದ ಹಣ ಆಗಲೇ ನಮ್ಮ ಬಳಿ;
ಕೀಲಿಕೈ ಹೋಗದೆ ಗಂಟು ಬಿಚ್ಚದು,
ಗಂಟು ಬಿಚ್ಚದೆ ಕೀಲಿಕೈ ಹೋಗದು.
ಯಾರು ಮೊದಲು ಎಂಬ ಹಳೆಯ ಜಗಳ
ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದೇ ಉಸಿರಿಗೆ ಮುಗಿಯಿತು.

ಹನ್ನೊಂದು ದಿನ ನೆಟ್ಟಗೆ ನಡೆಯಿತು.
ಹನ್ನೆರಡನೆಯ ರಾತ್ರಿ ಸೊದ್ನೊಮ್‌ನ ನಾಲ್ಕು ಮೇಕೆ
ಕತ್ತಲಲ್ಲಿ ಗುಡಾರ ಸುತ್ತಿದವು, ಓಡಿ ಓಡಿ,
ಒಂದೇ ಹೆಜ್ಜೆ, ಒಂದೇ ವೇಗ, ನಲವತ್ತು ಸುತ್ತು;
ಬೆಳಗಿನ ಜಾವ ಬಾಗಿಲ ಬಳಿ ನಾಲ್ಕೂ
ಒಂದೇ ಮೇಕೆಯಷ್ಟು ಜಾಗದಲ್ಲಿ ಮಲಗಿದವು.
ಪೆಟ್ಟಿಗೆಗೇನು ಗೊತ್ತು? ಬರೆದುಕೊಂಡಿತು.
ಬೀಗ ಭದ್ರ, ಮುದ್ರೆ ಭದ್ರ, ಸುಳ್ಳೂ ಭದ್ರ.

ಯಾಂಜ್ಮಾ ನೋಡಿದಳು, ಒಪ್ಪಿಗೆಯ ಗುಂಡಿ ಒತ್ತಲಿಲ್ಲ.
"ಇದು ಬೊಗಳುವ ಮೇಕೆ," ಎಂದಳು.

ಹೋದೆವು. ನಾಯಿಯ ಕೊರಳಲ್ಲಿ ನಾಲ್ಕು ಪಟ್ಟಿ,
ಯುದ್ಧ ಗೆದ್ದು ಬಂದವನ ಪದಕಗಳ ಹಾಗೆ.
ಗುಡಾರದ ಹಿಂದೆ ಟಾರ್ಪಾಲಿನಡಿ
ನಾಲ್ಕು ಮೇಕೆ, ಕಾಲು ಮಡಚಿಕೊಂಡು, ಕಲ್ಲು.
ಸೊದ್ನೊಮ್ ನನ್ನ ಮುಖ ನೋಡಲಿಲ್ಲ.
"ದುಡ್ಡಿಗಲ್ಲ," ಎಂದ. ಸ್ವಲ್ಪ ಹೊತ್ತಿಗೆ, "ದುಡ್ಡಿಗೂ."
ಮತ್ತೆ: "ಪಟ್ಟಿ ಸುಮ್ಮನಾದರೆ
ನನ್ನ ಹೆಸರಿನ ಮುಂದೆ ಸೊನ್ನೆ ಬರುತ್ತದೆ.
ಒಮ್ಮೆ ಬಂದದ್ದು ಅಳಿಸಲು ಬಾರದು
ಎಂದವಳು ನೀನೇ."

ನಾನೇ. ಹೆಮ್ಮೆಯಿಂದ ಹೇಳಿದ್ದೆ, ಅವನದೇ ಚಹಾ ಕುಡಿಯುತ್ತ.

ಅಳಿಸಲು ಬಾರದು; ಕೆಳಗೆ ಬರೆಯಲು ಬರುತ್ತದೆ.
ಸಂಜೆ ಏಳು ಗುಡಾರದವರೂ ಕೂತರು.
ಸೊದ್ನೊಮ್ ಹೇಳಿದ, ನಾನು ಒತ್ತಿದೆ:
ಮೇಲಿನ ಓಟ ನಾಯಿಯದು. ಅದರ ಹೆಸರು ಬಾಸಾರ್.
ಮೇಕೆ ನಾಲ್ಕು, ಹೆಪ್ಪುಗಟ್ಟಿ ಸತ್ತವು.
ಒಂದು ಗಬ್ಬವಾಗಿತ್ತು.
ಪಡೆದ ಹಣ ವಾಪಸು.

ಮರುದಿನ ಕೊಂಡವರ ಉತ್ತರ:
ಹಣ ಬೇಡ. ಈ ಕೊನೆಯ ಸಾಲಿಗೆ ಬೆಲೆ ಹೇಳಿ.
ಚಳಿ ಕೊಂದದ್ದು ಯಾವ ಜಾಗದಲ್ಲಿ, ಯಾವ ಗಂಟೆಗೆ,
ನಮಗೆ ಬೇಕಾದದ್ದು ಅದೇ.

ಗುಡಾರದಲ್ಲಿ ಯಾರೂ ಮಾತಾಡಲಿಲ್ಲ.
ಒಲೆಯೊಳಗೆ ಸಗಣಿ ಚಟಚಟ ಸಿಡಿಯಿತು.
ಬಹಳ ಹೊತ್ತಿನ ಮೇಲೆ ಸೊದ್ನೊಮ್
ತನ್ನ ತೋಳನ್ನು ಅಜ್ಜಿಯ ಕಡೆ ನೀಡಿದ.
ಒಳಗೆ ಯಾವ ಬೆರಳು ಯಾವ ಬೆರಳನ್ನು ಹಿಡಿಯಿತೋ
ಏಳು ಪುಸ್ತಕದಲ್ಲೂ ಇಲ್ಲ;
ನಾನೂ ಕೇಳಲಿಲ್ಲ.